ಅತ್ತಿಗೆಯ ಕಂಪ್ಯೂಟರಿನಲ್ಲಿ ಸಿಕ್ಕಿಬಿದ್ದವನು

ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಎಲ್ಲಕ್ಕಿಂತ ಒಳ್ಳೆಯ ಆಂಟಿವೈರಸ್ ಯಾವುದು? ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಎಲ್ಲರಿಗೂ ಒಳ್ಳೆಯದು ಅಂತ ಒಂದಿಲ್ಲ ಕಣ್ರೀ, ನಿಮ್ಮ ಕಂಪ್ಯೂಟರಿನಲ್ಲಿ ಏನಿದೆ, ಯಾರು ಮುಟ್ಟುತ್ತಾರೆ, ಏನು ಕಳೆದುಹೋದರೆ ನಿಮ್ಮ ನಿದ್ದೆ ಕೆಡುತ್ತದೆ, ಮೊದಲು ಅದನ್ನು ಹೇಳಿ ಅಂದರೆ ಮುಖ ಸಿಂಡರಿಸುತ್ತಾರೆ. ಬಾಗಿಲಿಗೆ ಬೀಗ ಕೊಂಡಷ್ಟೇ ಸಲೀಸಾಗಿ ಆಗಬೇಕು ಅವರಿಗೆ. ಹಾಗಿದ್ದರೆ ಪಕ್ಕದಲ್ಲೇ ಬೀಗದವನ ಅಂಗಡಿಯಿದೆ, ಅಲ್ಲಿಗೆ ಹೋಗಿ ಎಂದು ಎಷ್ಟೋ ಜನರನ್ನು ಓಡಿಸಿದ್ದೇನೆ. ಅಣ್ಣ ಸುಮ್ಮನೆ ನನಗೆ ಸಿಡುಕಿ ಎಂದು ಹೆಸರಿಟ್ಟಿರಲಿಲ್ಲ.

ಇಷ್ಟು ವರ್ಷಗಳಲ್ಲಿ ಉಲ್ಟಾ ಪ್ರಶ್ನೆ ಕೇಳಿದವರು ಒಬ್ಬರೇ, ನನ್ನ ಅತ್ತಿಗೆ. ಅಣ್ಣ ತೀರಿಕೊಂಡು ಒಂದು ವರ್ಷವಾಗುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕೂತವರು ಆಚೆ ಈಚೆ ನೋಡಿ, ದನಿ ತಗ್ಗಿಸಿ ಕೇಳಿದರು.

“ಎಲ್ಲಕ್ಕಿಂತ ಕೈಲಾಗದ ಆಂಟಿವೈರಸ್ ಯಾವುದು ಹೇಳೇ?”

“ಏನಂದ್ರಿ?”

“ಅದೇ ಕಣೇ. ಇದೆ ಅಂತ ತೋರಿಸೋಕೆ ಇರಬೇಕು. ಆದ್ರೆ ಏನನ್ನೂ ಹಿಡೀಬಾರದು.”

ನನಗೆ ನಗು ತಡೆಯಲಾಗಲಿಲ್ಲ. “ಕಳ್ಳನ್ನ ಕಂಡ್ರೆ ಬಾಲ ಅಲ್ಲಾಡಿಸೋ ನಾಯಿ ಬೇಕಾ ಅತ್ತಿಗೆ ನಿಮಗೆ?”

“ಹೂಂ, ಅಂಥದ್ದೇ.”

ಅವರು ನಗಲಿಲ್ಲ. ಎರಡೂ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದರು. ಚೀಲದ ಜಿಪ್ ಎಳೆಯಲು ಆಗದೆ ನನ್ನ ಮುಂದೆ ಚಾಚಿದರು. ಒಳಗೆ ಅವರ ಆಫೀಸಿನ ಸೂಚನೆಯಿತ್ತು. ಮನೆಯಿಂದ ಕೆಲಸ ಮಾಡುವ ಟೈಪಿಸ್ಟೊಬ್ಬಳ ಕಂಪ್ಯೂಟರಿನಿಂದ ವೈರಸ್ ಹೊಕ್ಕು ಆಫೀಸಿನ ಕಡತಗಳಿಗೆಲ್ಲ ಬೀಗ ಬಿದ್ದಿತ್ತಂತೆ. ಇನ್ನು ಮುಂದೆ ಆಂಟಿವೈರಸ್ ಇಲ್ಲದವರಿಗೆ ಕೆಲಸವಿಲ್ಲ. ಸರಿಯಾಗಿಯೇ ಇದೆ ಎಂದೆ. ಅತ್ತಿಗೆ ಪಟ್ಟಿಯ ತುದಿ ಕೀಳುತ್ತಾ ಕೂತರು.

“ಒಂದರ ಬದ್ಲು ಎರಡು ಹಾಕಿದ್ರೆ?” ಎಂದರು ಆಮೇಲೆ.

“ಅಯ್ಯೋ, ಆ ತಪ್ಪು ಮಾತ್ರ ಮಾಡಬೇಡಿ. ಒಂದೇ ಮನೇಲಿ ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಕಾವಲುಗಾರರನ್ನ ಕತ್ತಲಲ್ಲಿ ಬಿಟ್ಟ ಹಾಗೆ. ಇವನು ಅವನ ಕತ್ತು ಹಿಡೀತಾನೆ, ಅವನು ಇವನದ್ದು.”

“ಹಾಗಾ?” ಎಂದರು ಅತ್ತಿಗೆ. ಅವರ ಕಣ್ಣು ಒಂದು ಗಳಿಗೆ ಮಿನುಗಿದ್ದು ನನಗೆ ಈಗ ನೆನಪಾಗುತ್ತದೆ. ಆಗ ನಾನು ಈಚೆ ಪಕ್ಕದ ಅಂಗಡಿಯ ಗಾಜು ಕತ್ತರಿಸುವವನ ಅರಚಾಟದ ಹಾಡು ನಿಲ್ಲಿಸಲು ಗೋಡೆ ಗುದ್ದುತ್ತಿದ್ದೆ.

ಅತ್ತಿಗೆಯ ಕೆಲಸ ಕಿವಿಯದ್ದು ಮತ್ತು ಬೆರಳಿನದ್ದು. ವೈದ್ಯರು ರೋಗಿಗಳನ್ನು ನೋಡಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಇಯರ್‌ಫೋನಿನಲ್ಲಿ ಕೇಳಿ ಟೈಪ್ ಮಾಡಿ ಕಳಿಸಬೇಕು. ಮುಖ ನೋಡದ ವೈದ್ಯರನ್ನೆಲ್ಲ ಅವರು ಕೆಮ್ಮಿನ ಮೇಲೆ ಗುರುತಿಸುತ್ತಿದ್ದರು. ಒಬ್ಬರು ಬಾಯಲ್ಲಿ ಏನೋ ಅಗಿಯುತ್ತಲೇ ಹೇಳುತ್ತಾರೆ, ಅವರಿಗೆ ಮೆಲುಕಿನ ಡಾಕ್ಟರು ಎಂದು ಹೆಸರು. ಇನ್ನೊಬ್ಬರು ಕೆಟ್ಟ ಸುದ್ದಿ ಹೇಳುವ ಮೊದಲು ಪೆನ್ನು ಟಕ್ಕೆನ್ನಿಸುತ್ತಾರೆ, ಅವರು ಟಕ್‌ಟಕ್ ಡಾಕ್ಟರು. ಯಾರ್‍ಯಾರದೋ ಎದೆ, ಹೊಟ್ಟೆ, ಮೂಳೆಗಳ ಸಮಾಚಾರ ದಿನವಿಡೀ ಕಿವಿಗೆ ಬೀಳುತ್ತಿದ್ದರೂ ಅತ್ತಿಗೆ ಹೊರಗೆ ತುಟಿಪಿಟಿಕ್ಕೆನ್ನುತ್ತಿರಲಿಲ್ಲ. ಕೂತರೆ ಏಳುತ್ತಿರಲಿಲ್ಲ ಎನ್ನುವುದೊಂದೇ ಅವರ ಕೆಟ್ಟ ಚಾಳಿ. ಬಾಗಿಲು ಬಡಿದರೂ ತಿರುಗದೆ, ಈ ಸಾಲು ಮುಗಿಸಿ ಬಂದೆ ಎನ್ನುತ್ತಿದ್ದರು, ಆ ಸಾಲು ಮುಗಿಯುತ್ತಲೇ ಇರಲಿಲ್ಲ.

ಅಂದು ಮಧ್ಯಾಹ್ನವೇ ಅವರ ಮನೆಗೆ ಹೋಗಿ ನನಗೆ ನಂಬಿಕೆಯಿದ್ದ ಒಂದು ಗಟ್ಟಿ ಆಂಟಿವೈರಸ್ ಹಾಕಿದೆ. ಏನು ಕಳೆದುಹೋದರೆ ನಿದ್ದೆ ಕೆಡುತ್ತದೆ ಎಂದು ಮಾತ್ರ ಕೇಳಲಿಲ್ಲ. ಮನೆಯವರಲ್ಲವೇ, ಎಲ್ಲ ಗೊತ್ತು ಎಂಬ ಧಿಮಾಕು. ಹಾಕಿದ ಸ್ವಲ್ಪ ಹೊತ್ತಿಗೆ ಸ್ಕ್ರೀನಿನ ಮೇಲೆ ಎಚ್ಚರಿಕೆಯ ಕೆಂಪು ಪಟ್ಟಿ ಎದ್ದಿತು. ಎರಡು ಚಿಕ್ಕ ಪ್ರೋಗ್ರಾಂ ಸಿಕ್ಕಿಬಿದ್ದಿದ್ದವು. ಯಾವ ಕಂಪನಿಯ ಹೆಸರೂ ಇಲ್ಲ. ಕಂಪ್ಯೂಟರ್ ಹಚ್ಚಿದೊಡನೆ ತಾವಾಗಿ ಏಳುತ್ತವೆ. ಒಂದು, ಕೀಬೋರ್ಡಿನ ಮೇಲೆ ಬೀಳುವ ಪ್ರತಿಯೊಂದು ಏಟನ್ನೂ ಕದ್ದು ನೋಡುತ್ತದೆ. ಅದನ್ನು ಮುಚ್ಚಿದರೆ ಎರಡನೆಯದು ಮತ್ತೆ ಎಬ್ಬಿಸುತ್ತದೆ.

“ಬಂತಲ್ಲ ನೋಡಿ!” ನಾನು ತೊಡೆ ತಟ್ಟಿದೆ. “ಒಳ್ಳೇ ಖದೀಮ ಕೂತಿದಾನೆ ಒಳಗೆ. ನೀವು ಏನು ಟೈಪ್ ಮಾಡ್ತೀರಿ ಅಂತ ದಿನಾ ನೋಡ್ತಿದಾನೆ. ಸಾಯಿಸಿದ್ರೂ ಎದ್ದು ಬರ್ತಾನೆ!”

ಅತ್ತಿಗೆಯ ಮುಖದಲ್ಲಿ ರಕ್ತವಿರಲಿಲ್ಲ. “ಏನ್ ಮಾಡ್ದೆ ಅವನ್ನ?”

“ಕೂಡಿಹಾಕಿದೀನಿ. ಕ್ವಾರಂಟೈನ್. ಇನ್ನು ಹೊರಗೆ ಬರಲ್ಲ, ಹೆದರಬೇಡಿ.”

“ಸಾಯಿಸ್ಲಿಲ್ಲ ತಾನೇ?”

“ಬೇಕಾದ್ರೆ ಈಗಲೇ...”

“ಬೇಡ!” ಎಂದು ನನ್ನ ಕೈ ಹಿಡಿದರು. ಮರುಗಳಿಗೆ ನೋವಿಗೆ ಕೈ ಬಿಟ್ಟು, “ಟೀ ಮಾಡ್ತೀನಿ, ಕೂತ್ಕೋ,” ಎಂದು ಅಡುಗೆಮನೆಗೆ ಹೋದರು. ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ತಂದರು. ವೈರಸ್ ಎಂದರೆ ಎಲ್ಲರೂ ಹೆದರುತ್ತಾರೆ, ಇವರೂ ಹೆದರಿದ್ದಾರೆ ಎಂದುಕೊಂಡೆ.

ಆ ಮನೆಗೆ ಎರಡು ಕೋಣೆ. ಹೊರಗಿನದರಲ್ಲಿ ಅತ್ತಿಗೆಯ ಮೇಜು, ಕೂತರೆ ಒಳಕೋಣೆಯ ಬಾಗಿಲಿಗೆ ಬೆನ್ನು. ಒಳಗಿನದು ಅಣ್ಣನ ಕೆಲಸದ ಕೋಣೆ. ಅಣ್ಣ ರೇಡಿಯೋ, ಸ್ಪೀಕರ್ ರಿಪೇರಿ ಮಾಡುತ್ತಿದ್ದ. ಕಂಪ್ಯೂಟರ್ ಬಂದ ಮೇಲೆ ಅದನ್ನೂ ಬಿಚ್ಚಿ, ಜೋಡಿಸಿ, ಪ್ರೋಗ್ರಾಂ ಬರೆಯುವುದನ್ನು ತಾನೇ ಕಲಿತು, ನನಗೂ ಕಲಿಸಿದ. ನೆಲದ ತುಂಬ ತಂತಿ ಚೂರು, ಬೆಸುಗೆಯ ಹನಿ. ಬರಿಗಾಲಲ್ಲಿ ಕಾಲಿಟ್ಟರೆ ಚುಚ್ಚುವುದೇ. ಅದಕ್ಕೆ ಅವನು ದಪ್ಪ ರಬ್ಬರಿನ ಒಂದು ಜೊತೆ ಚಪ್ಪಲಿಯನ್ನು ಆ ಬಾಗಿಲಲ್ಲೇ ಇಟ್ಟಿರುತ್ತಿದ್ದ. ಹಾಕಿಕೊಂಡು ನಡೆದರೆ ಮನೆಯೆಲ್ಲ ಪಟಕ್ ಪಟಕ್. ಒಂದು ಮಧ್ಯಾಹ್ನ ಅದೇ ಬೆಂಚಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಚಪ್ಪಲಿ ಇನ್ನೂ ಬಾಗಿಲಲ್ಲೇ ಇದ್ದವು. ನಾನು ಅವನ್ನು ದಾಟಿಕೊಂಡು ಓಡಾಡುತ್ತಿದ್ದೆ, ತುಳಿಯುತ್ತಿರಲಿಲ್ಲ.

ಊರಿನವರ ಟೇಪ್‌ರೆಕಾರ್ಡರುಗಳನ್ನೆಲ್ಲ ಮಾತಾಡಿಸಿದ ಮನುಷ್ಯನ ದನಿ ಎಲ್ಲೂ ಉಳಿದಿರಲಿಲ್ಲ. ನಾನು ಹುಡುಕದ ಜಾಗವಿಲ್ಲ. ಫೋನು, ಹಳೆಯ ಕ್ಯಾಸೆಟ್ಟು, ಎಲ್ಲವನ್ನೂ ಜಾಲಾಡಿದೆ. ಸಿಕ್ಕಿದ್ದು ಒಂದೆಡೆ ‘ಹಲೋ, ಹಲೋ’ ಎಂಬ ಪರೀಕ್ಷೆಯ ಮಾತು, ಅದೂ ಗರಗರ. ಬರಬರುತ್ತಾ ಅವನು ನನ್ನನ್ನು ಸಿಡುಕಿ ಎಂದು ಕರೆಯುತ್ತಿದ್ದುದು ಯಾವ ರಾಗದಲ್ಲಿ ಎಂಬುದೇ ಮರೆಯತೊಡಗಿತ್ತು. ಆ ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ.

ಕೆಲವು ದಿನಗಳ ಮೇಲೆ ಅತ್ತಿಗೆ ಫೋನ್ ಮಾಡಿದರು. ಕಂಪ್ಯೂಟರ್ ಆಮೆಯಾಗಿದೆ, ಒಂದಕ್ಷರ ಒತ್ತಿದರೆ ಟೀ ಕುಡಿದು ಬರುವಷ್ಟು ಹೊತ್ತಿಗೆ ಮೂಡುತ್ತದೆ ಎಂದರು. ಊಟ ಮುಗಿಸಿ ಹೋಗಿ ನೋಡಿದರೆ ನನ್ನ ಮೈ ಉರಿದುಹೋಯಿತು. ಒಂದಲ್ಲ, ಎರಡಲ್ಲ, ಮೂರು ಆಂಟಿವೈರಸ್! ನಾನು ಹಾಕಿದ್ದರ ಜೊತೆಗೆ ಎಲ್ಲಿಂದಲೋ ಇಳಿಸಿಕೊಂಡ ಇನ್ನೆರಡು. ಮೂರೂ ಒಂದರ ಜುಟ್ಟು ಒಂದು ಹಿಡಿದು ಕೂತಿದ್ದವು. ಇದರ ಅರ್ಧ ಅದರ ಬಂಧನದಲ್ಲಿ, ಅದರ ಕಾಲು ಇನ್ನೊಂದರ ಬಂಧನದಲ್ಲಿ. ಉಸಿರಾಡಲು ಕಂಪ್ಯೂಟರಿಗೆ ಜಾಗವೇ ಇರಲಿಲ್ಲ.

“ಹೇಳಿದ್ನೋ ಇಲ್ವೋ ಎರಡು ಹಾಕಬೇಡಿ ಅಂತ? ಬಾಯಿ ಬಡ್ಕೊಂಡು ಹೇಳಿದ್ದೆ!”

“ಹೇಳಿದ್ದೆ,” ಎಂದರು ಅತ್ತಿಗೆ, ತಣ್ಣಗೆ. “ಅದಕ್ಕೇ ಹಾಕಿದ್ದು.”

ಅರ್ಥವಾಗಲಿಲ್ಲ, ಕೇಳುವ ತಾಳ್ಮೆಯೂ ಇರಲಿಲ್ಲ. ಗೊಣಗುತ್ತಾ ಕೂತೆ. ಮೂರನ್ನೂ ಕಿತ್ತುಹಾಕಬೇಕಿತ್ತು. ಆದರೆ ಒಂದರ ತುಣುಕು ಇನ್ನೊಂದರ ಸೆರೆಯಲ್ಲಿದ್ದರೆ ಯಾವುದೂ ಪೂರ್ತಿ ಕಿತ್ತು ಬರುವುದಿಲ್ಲ. ಹಾಗಾಗಿ ಇಂಟರ್‌ನೆಟ್ ತಂತಿ ಎಳೆದು, ಮೊದಲು ಎಲ್ಲ ಬಂಧನಗಳನ್ನೂ ತೆರೆದು ಒಳಗಿದ್ದುದನ್ನೆಲ್ಲ ಒಟ್ಟಿಗೆ ಬಿಟ್ಟೆ. ಆಮೇಲೆ ಒಂದೊಂದನ್ನೇ ಕೀಳುತ್ತಾ, ಕಂಪ್ಯೂಟರನ್ನು ಆರಿಸಿ ಹಚ್ಚುತ್ತಾ, ಅವು ಬಿಟ್ಟುಹೋದ ಕಸ ಗುಡಿಸುತ್ತಾ ಬಹಳ ಹೊತ್ತಾಯಿತು. ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಕಿಟಕಿಯಿಂದ ಬಿಸಿಲು ಕೀಬೋರ್ಡಿನ ಮೇಲೆ ಬಿದ್ದಿತ್ತು. ನಾನು ತಲೆ ಎತ್ತದೆ ಟೈಪ್ ಮಾಡುತ್ತಿದ್ದೆ.

“ಸಾಕು, ಏಳೇ. ಕೈಗೆ ಸ್ವಲ್ಪ ಬಿಡುವು ಕೊಡು.”

ಅಣ್ಣ.

ಕುರ್ಚಿ ಹಿಂದಕ್ಕೆ ಬಿತ್ತು, ನಾನು ಗೋಡೆಗೆ ಆನಿಕೊಂಡಿದ್ದೆ. ಗರಗರವಿಲ್ಲ, ದೂರವಿಲ್ಲ. ಬೆಸುಗೆ ಹಾಕುತ್ತಾ ಬಾಯಲ್ಲಿ ತಂತಿ ಕಚ್ಚಿಕೊಂಡಿರುವಾಗ ಮಾತಾಡುತ್ತಿದ್ದನಲ್ಲ, ಅದೇ ಅರ್ಧ ಮುಚ್ಚಿದ ಬಾಯಿಯ ದನಿ. ನಾನು ಬೆನ್ನ ಹಿಂದಿನ ಬಾಗಿಲು ನೋಡಿದೆ. ಒಳಕೋಣೆ ಖಾಲಿ. ಚಪ್ಪಲಿಗಳು ಇದ್ದಲ್ಲೇ ಇದ್ದವು. ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತ್ತು. ಅತ್ತಿಗೆ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲಿ ಹೆದರಿಕೆಯಿರಲಿಲ್ಲ, ಎಷ್ಟೋ ದಿನ ಊಟ ಬಿಟ್ಟವರ ಹಸಿವಿತ್ತು.

“ಬಿಟ್ಯಾ ಅವರನ್ನ?” ಎಂದು ಕೇಳಿದರು.

ಅತ್ತಿಗೆ ಕುರ್ಚಿ ಎತ್ತಿಟ್ಟು, ನನ್ನನ್ನು ಕೂರಿಸಿ, ಮೆಲ್ಲಗೆ ಹೇಳಿದರು.

ಅವರ ಬೆರಳಿನ ಗೆಣ್ಣು ಊದಿಕೊಳ್ಳತೊಡಗಿದಾಗ, ನಡುನಡುವೆ ಏಳದಿದ್ದರೆ ಕೈ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಅತ್ತಿಗೆ ಏಳುವ ಪೈಕಿಯೇ? ಅದಕ್ಕೆ ಅಣ್ಣ ತನ್ನ ದನಿ ಹಾಕಿ ಒಂದು ಪ್ರೋಗ್ರಾಂ ಬರೆದ. ಬಿಡುವಿಲ್ಲದೆ ಒತ್ತುತ್ತಲೇ ಇದ್ದರೆ ಅದು ಮಾತಾಡುತ್ತದೆ. ಮೆಲುಕಿನ ಡಾಕ್ಟರ ಮಾತಿನ ನಡುವೆಯೂ ಇಯರ್‌ಫೋನಿನಲ್ಲಿ ಕೇಳಿಸುತ್ತದೆ. ಅತ್ತಿಗೆ ಸಿಟ್ಟಿಗೆದ್ದು ಅದನ್ನು ಮುಚ್ಚುತ್ತಿದ್ದರು. ಅಣ್ಣ ಬಿಟ್ಟಾನೆಯೇ, ಮುಚ್ಚಿದರೂ ಎದ್ದು ಬರುವ ಹಾಗೆ ಎರಡನೆಯದನ್ನು ಬರೆದ. ನಾನು ಖದೀಮ ಎಂದು ಕೂಡಿಹಾಕಿದ್ದು ಅವನನ್ನು. ಕಾವಲುಗಾರರು ಒಬ್ಬರ ಕತ್ತು ಒಬ್ಬರು ಹಿಡಿದರೆ ಆ ಸಂದಿಯಲ್ಲಿ ಅವನು ಹೊರಗೆ ಬಂದಾನು ಎಂದೇ ಅತ್ತಿಗೆ ಇನ್ನೆರಡು ಹಾಕಿದ್ದು.

“ಮೂರು ಮಾತಿದೆ,” ಎಂದರು ಅತ್ತಿಗೆ. “ಮೊದಲನೇದು ನೀನು ಕೇಳಿದ್ದು. ಆಮೇಲೂ ಏಳದೇ ಇದ್ರೆ, ಹೇಳಿದ್ದು ಕೇಳಿಸ್ಲಿಲ್ವಾ ಅಂತಾರೆ. ಅದಕ್ಕೂ ಏಳದೇ ಇದ್ರೆ, ಸರಿ, ನಾನೇ ಬರ್ತೀನಿ ತಡಿ, ಅಂತಾರೆ. ಅಷ್ಟು ಹೊತ್ತಿಗೆ ನಿಮ್ಮಣ್ಣ ನಿಜವಾಗ್ಲೂ ಬರೋರು. ಪಟಕ್ ಪಟಕ್ ಅಂತ ಬಂದು ಸ್ಕ್ರೀನ್ ಆರಿಸಿಬಿಡೋರು. ನಾನು ಬೈಯೋಳು.”

“ಈಗ?”

ಅತ್ತಿಗೆ ಕೈಗಳನ್ನು ಮಡಿಲಿನಲ್ಲಿ ಒಂದರ ಮೇಲೊಂದು ಇಟ್ಟುಕೊಂಡರು. ಆಗ ನೋಡಿದೆ. ಬೆರಳುಗಳು ಪೂರ್ತಿ ಚಾಚಿಕೊಳ್ಳುತ್ತಲೇ ಇರಲಿಲ್ಲ. ಮಡಚಿದ್ದು ಮಡಚಿದಂತೆಯೇ ನಿಂತಿದ್ದವು. ಅಂಗಿಯ ಮೇಲಿನ ಗುಂಡಿ ಹಾಕಿರಲಿಲ್ಲ. ಹಾಕಲು ಆಗುತ್ತಿರಲಿಲ್ಲ.

“ಆಫೀಸಿನ ಕೆಲಸ ಬೇಗ ಮುಗಿದುಹೋಗುತ್ತೆ,” ಎಂದರು. “ಆಮೇಲೆ ಕೈಗೆ ಬಂದದ್ದು ಒತ್ತುತ್ತಾ ಕೂರ್ತೀನಿ. ಸುಮ್ನೆ. ಕಖಗಘ ಅಂತ. ನಿಲ್ಲಿಸಿದ್ರೆ ಅವರು ಮಾತಾಡಲ್ಲ ನೋಡು.”

ಕೈಗೆ ಬಿಡುವು ಕೊಡು ಎಂಬ ಮಾತು ಕೇಳಲು ಈಕೆ ಒಂದು ವರ್ಷದಿಂದ ಕೈ ಕಳೆದುಕೊಳ್ಳುತ್ತಿದ್ದಾರೆ! “ನಿಮಗೆ ತಲೆ ಕೆಟ್ಟಿದೆಯಾ ಅತ್ತಿಗೆ?” ಎಂದು ಕೂಗಿದೆ. “ಮೂರನೇ ಮಾತು ಬಂದ ಮೇಲಾದ್ರೂ ಏಳ್ತೀರೋ ಇಲ್ವೋ?”

“ಇಲ್ಲ. ಕೂತಿರ್ತೀನಿ.”

“ಯಾಕೆ?”

“ಬರ್ತೀನಿ ಅಂತಾರಲ್ಲ.”

ಅವರು ಒಳಕೋಣೆಯ ಬಾಗಿಲಿನ ಕಡೆ ನೋಡುತ್ತಿದ್ದರು. “ಅವತ್ತೂ ಅಂದ್ರು. ನಾನೇ ಬರ್ತೀನಿ ತಡಿ ಅಂತ. ಬರಲಿಲ್ಲ. ನಾನು, ಸದ್ಯ ಇವತ್ತು ಬಿಟ್ರಪ್ಪ ಅಂತ ಖುಷಿಯಾಗಿ ಎಲ್ಲ ಕೆಲ್ಸ ಮುಗಿಸ್ದೆ. ಒಂದ್ಸಲಾನೂ ತಿರುಗಿ ನೋಡ್ಲಿಲ್ಲ ಕಣೇ. ಮುಗಿಸಿ, ಟೀಗೆ ಕರೆಯೋಕೆ ಹೋದ್ರೆ...” ಎಂದು ನಿಲ್ಲಿಸಿದರು. “ಈಗ ದಿನಾ ಅಂತಾರೆ, ಬರ್ತೀನಿ ಅಂತ. ಬಂದಾಗ ನಾನು ಎದ್ದು ಹೋಗಿರಬಾರದು ಅಂತ ಕೂತಿರ್ತೀನಿ. ಒಂದೊಂದು ದಿನ ಚಪ್ಪಲಿ ಸದ್ದಾದ ಹಾಗೇ ಆಗುತ್ತೆ.”

ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಮೌಸ್ ಹಿಡಿದೆ. ಎರಡೂ ಪ್ರೋಗ್ರಾಂಗಳನ್ನು ಹುಡುಕಿ ತೆಗೆದೆ. ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಅಳಿಸಿದರೆ ಈ ಕೈಗಳು ಉಳಿಯುತ್ತವೆ, ಅಷ್ಟೇ ಲೆಕ್ಕ. ಅತ್ತಿಗೆ ತಡೆಯಲಿಲ್ಲ. ತಡೆಯುವ ಶಕ್ತಿ ಅವರ ಕೈಯಲ್ಲಿ ಇರಲೂ ಇಲ್ಲ. ಕಣ್ಣು ಮುಚ್ಚಿಕೊಂಡು ಕೂತರು. ನನ್ನ ಬೆರಳು ಗುಂಡಿಯ ಮೇಲಿತ್ತು, ಒತ್ತಲಾಗಲಿಲ್ಲ. ನಾನು ಅವನ ದನಿಯನ್ನು ಕೇಳಿ ಇನ್ನೂ ಒಂದು ಲೋಟ ಟೀ ತಣ್ಣಗಾಗುವಷ್ಟು ಹೊತ್ತೂ ಆಗಿರಲಿಲ್ಲ. ‘ಇನ್ನೊಂದ್ಸಲ,’ ಎಂದು ಒಳಗೆ ಯಾರೋ ರಚ್ಚೆ ಹಿಡಿದಿದ್ದರು. ಹಾಳಾದ್ದು, ನಾನೂ ಕಖಗಘ ಒತ್ತುತ್ತಾ ಕೂರುವವಳೇ ಎಂದು ಆಗ ಗೊತ್ತಾಯಿತು.

ಬೇಡ ಎಂದು ಒತ್ತಿದೆ. ಆಮೇಲೆ ಮೊದಲ ದಿನ ಕೇಳಬೇಕಾದ ಪ್ರಶ್ನೆ ಕೇಳಿದೆ. “ಏನು ಕಳೆದುಹೋಗಬಾರದು ಅತ್ತಿಗೆ? ಕೆಲಸಾನಾ, ಕೈಯಾ, ಅಣ್ಣನಾ?”

“ಮೂರೂ,” ಎಂದರು, ಮಗು ಹೇಳಿದಂತೆ.

ಕೈಲಾಗದ ಕಾವಲುಗಾರ ಇದಕ್ಕೆ ಉತ್ತರವಲ್ಲ. ಅಂಥದ್ದು ಹಾಕಿದರೆ ಅಣ್ಣನ ಜೊತೆ ನಿಜವಾದ ಕಳ್ಳರೂ ಬಂದು ಕೂರುತ್ತಾರೆ, ರೋಗಿಗಳ ಗುಟ್ಟೆಲ್ಲ ಬೀದಿಗೆ ಬೀಳುತ್ತದೆ. ಬೇಕಾದ್ದು, ಮಿಕ್ಕವರನ್ನೆಲ್ಲ ಹಿಡಿದು, ಮನೆಯೊಡತಿ ಇವನು ನಮ್ಮವನು ಎಂದು ತೋರಿಸಿದ ಒಬ್ಬನನ್ನು ಮಾತ್ರ ಬಿಡುವಂಥದ್ದು. ನಾನು ಮೊದಲು ಹಾಕಿದ್ದೇ ಅಂಥದ್ದು. ಅದನ್ನೇ ಮತ್ತೆ ಹಾಕಿದೆ. ಅಣ್ಣನ ಪ್ರೋಗ್ರಾಂ ಬಿಚ್ಚಿ ಸಾಲು ಸಾಲಾಗಿ ಓದಿದೆ. ಹೊರಗೆ ಒಂದಕ್ಷರವೂ ಹೋಗುತ್ತಿರಲಿಲ್ಲ. ಒತ್ತಿದ ಅಕ್ಷರ ಯಾವುದೆಂದು ನೋಡುವುದನ್ನೂ ಅವನು ಬಿಟ್ಟಿದ್ದ, ಎಷ್ಟು ಹೊತ್ತಿನಿಂದ ಒತ್ತುತ್ತಿದ್ದಾಳೆ ಎಂಬುದಷ್ಟೇ ಅವನಿಗೆ ಬೇಕಿತ್ತು. ಕೆಂಪು ಪಟ್ಟಿ ಎದ್ದಿತು. ಬಿಡಬಹುದೇ ಎಂದು ಕೇಳಿತು. ಅತ್ತಿಗೆಯ ಬಗ್ಗಿದ ಬೆರಳನ್ನು ಹಿಡಿದು ನಾನೇ ಒತ್ತಿಸಿದೆ, ಬಿಡಬಹುದು.

“ಕೆಲಸ ಉಳೀತು, ಅಣ್ಣ ಉಳಿದ. ಕೈ?” ಎಂದು ಕೇಳಿದೆ. ಅತ್ತಿಗೆ ಇವತ್ತಿನದೊಂದು ಬಾಕಿಯಿದೆ ಎಂದು ಇಯರ್‌ಫೋನ್ ತೆಗೆದಿಟ್ಟು, ಸ್ಪೀಕರಿನಲ್ಲೇ ಟಕ್‌ಟಕ್ ಡಾಕ್ಟರನ್ನು ಹಚ್ಚಿ ಬೆನ್ನು ತಿರುಗಿಸಿ ಕೂತರು. ಮಾತು ಹೇಳಿ ಬಗೆಹರಿಯುವ ಸಂಗತಿ ಅಲ್ಲ ಎನಿಸಿತು. ಸಲಕರಣೆಯ ಚೀಲ ತರಲು ಒಳಕೋಣೆಗೆ ಹೋದೆ.

ಹೋದವಳು ಅಲ್ಲೇ ಬೆಂಚಿನ ಮುಂದೆ ಕೂತುಬಿಟ್ಟೆ. ಬೆಂಚಿನ ಮೇಲೆ ಬಿಚ್ಚಿದ ಸ್ಪೀಕರೊಂದು ಬಿಚ್ಚಿದಂತೆಯೇ ಇತ್ತು. ಹೊರಗಿನ ಕೋಣೆಯಲ್ಲಿ ಡಾಕ್ಟರ ದನಿ ಮುಗಿಯಿತು, ಕೀಬೋರ್ಡಿನ ಸದ್ದು ಮುಗಿಯಲಿಲ್ಲ. ಬಿಸಿಲು ಕಿಟಕಿಯಿಂದ ಗೋಡೆಗೆ ಹತ್ತಿತು. ಆಗ ಆ ಕಡೆಯಿಂದ ಅಣ್ಣ ಸಾಕು ಏಳೇ ಎಂದ. ಕೀಬೋರ್ಡ್ ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ, “ಹೇಳಿದ್ದು ಕೇಳಿಸ್ಲಿಲ್ವಾ?” ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದೆ. ಅವನು ಕೊನೆಯದಾಗಿ ತಲೆಯಿಟ್ಟದ್ದು ಇಲ್ಲಿ. ಇಲ್ಲಿಂದ ಅವನಿಗೆ ತನ್ನದೇ ದನಿ ಕೇಳಿಸಿತ್ತೋ ಏನೋ, ಎದ್ದು ಹೋಗಬೇಕೆಂದು ಅನಿಸಿತ್ತೋ ಏನೋ.

“ಸರಿ, ನಾನೇ ಬರ್ತೀನಿ ತಡಿ.”

ಅತ್ತಿಗೆಯ ಬೆರಳು ನಿಂತವು. ಕುರ್ಚಿ ಕಿರುಗುಟ್ಟಲಿಲ್ಲ, ಅವರು ಏಳಲಿಲ್ಲ. ಕಾಯುತ್ತಿದ್ದರು.

ನಾನು ಎದ್ದೆ. ಬಾಗಿಲಿಗೆ ಬಂದು ಇಷ್ಟು ದಿನ ದಾಟಿಕೊಂಡು ಹೋಗುತ್ತಿದ್ದ ಚಪ್ಪಲಿಗಳಿಗೆ ಕಾಲು ತೂರಿಸಿದೆ. ದೊಡ್ಡವು, ತಣ್ಣಗಿದ್ದವು. ಪಟಕ್ ಎಂದಿತು. ಅತ್ತಿಗೆಯ ಹೆಗಲು ಒಮ್ಮೆಗೇ ಸೆಟೆಯಿತು, ಆದರೆ ತಿರುಗಲಿಲ್ಲ. ಪಟಕ್ ಪಟಕ್ ಎಂದು ನಡೆದು ಅವರ ಹಿಂದೆ ನಿಂತು, ತೋಳು ಚಾಚಿ ಸ್ಕ್ರೀನ್ ಆರಿಸಿದೆ. ಕಪ್ಪು ಗಾಜಿನಲ್ಲಿ ಅವರ ಮುಖ ಕಂಡಿತು. ಕಣ್ಣು ಮುಚ್ಚಿದ್ದರು. ಯಾರು ಬಂದಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ.

“ಇಷ್ಟು ಹೊತ್ತಾ ಬರೋಕೆ?” ಎಂದರು.

“ಏಳಿ ಅತ್ತಿಗೆ,” ಎಂದೆ. “ಸಾಕು.”

ಅವರು ಎದ್ದರು.